ಯಾವ ಊರ ಮಣ್ಣು ಉಂಡ ಗಾಡಿ?

ಬನ್ನಿ, ಈ ನಿಂಬೆಗಿಡದ ನೆರಳಿಗೇ ಬನ್ನಿ. ಇನ್ನೂ ಒಂಬತ್ತು ಗಂಟೆ, ಆಗಲೇ ಬೇಲಿ ಕಂಬ ಮುಟ್ಟೋ ಹಾಗಿಲ್ಲ. ನಿನ್ನೆ ಸಂಜೆಯಿಂದ ಆಚೆಮನೆಯಲ್ಲಿ ನಡೆದಿರೋ ಸಡಗರ ನೀವೂ ನೋಡಿರ್ತೀರಿ. ಅಂಗಳದಲ್ಲಿ ಬೂದಿಬಣ್ಣದ ಕಾರು ನಿಂತಿದೆಯಲ್ಲ, ಅದನ್ನ ಮನೆ ತುಂಬಿಸಿಕೊಳ್ಳೋಕೆ ನಮಗೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡೀತು. ನಮಗೆ ಅಂದ್ರೆ, ಕಾರು ಆಚೆಮನೆ ಅಕ್ಕನ ಮಗಳದ್ದು, ಓಡಾಟ ಇಬ್ಬರದ್ದೂ. ಯಾರಾದರೂ ಹಳೇ ಗಾಡಿ ನೋಡೋಕೆ ಹೊರಟರು ಅಂದ್ರೆ ನನಗೆ ಮನೆಯಲ್ಲಿ ಕೂತು ಪೇಪರ್ ಓದೋಕೆ ಮನಸ್ಸೇ ಬರಲ್ಲ, ನಿಮಗೆ ಗೊತ್ತೇ ಇದೆ.

ಹುಡುಗಿ ಸಂಡೂರು ತಾಲ್ಲೂಕಿನ ನಂದಿಹಳ್ಳಿ ಪಿಜಿ ಸೆಂಟರಿಗೆ ಸೇರಿದಾಳೆ. ಖನಿಜ ಸಂಸ್ಕರಣೆ ಓದ್ತಾಳೆ. ಅದಿರನ್ನ ಪುಡಿ ಮಾಡಿ, ತೊಳೆದು, ಮಣ್ಣು ಬೇರೆ ಕಬ್ಬಿಣ ಬೇರೆ ಮಾಡೋ ವಿದ್ಯೆ. ನಮ್ಮ ಸೀಮೆಗೆ ಇದಕ್ಕಿಂತ ಒಪ್ಪೋ ಓದು ಇನ್ನೊಂದು ಉಂಟಾ ಹೇಳಿ? ಮೊದಲ ವರ್ಷ ಬಸ್ಸಿನಲ್ಲೇ ಹೋದಳು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲವಲ್ಲ, ಖರ್ಚಿನ ಚಿಂತೆ ಇರಲಿಲ್ಲ. ಆದರೆ ಲ್ಯಾಬು ಮುಗಿಯೋ ಹೊತ್ತಿಗೆ ಸಂಜೆ, ಸಂಡೂರಿಗೆ ಬಂದು ಬಸ್ಸು ಬದಲಾಯಿಸಿ ಮನೆ ಸೇರೋ ಹೊತ್ತಿಗೆ ಕತ್ತಲು. ಹಾಗಾದರೆ ಸ್ಕೂಟಿ ಕೊಡಿಸಿ ಅಂತ ಯಾರೋ ಅಂದರು. ಅಕ್ಕ ಖಡಾಖಂಡಿತ ಬೇಡ ಅಂದರು, ನಾನೂ ಹೂಂ ಅಂದೆ. ಆ ರಸ್ತೆಯಲ್ಲಿ ಅದಿರಿನ ಟಿಪ್ಪರುಗಳ ಸಾಲು ನೋಡಿದೀರಲ್ಲ. ಒಂದರ ಹಿಂದೆ ಒಂದು, ಎದ್ದ ಕೆಂಧೂಳಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಕೂಡ ಕಾಣಲ್ಲ. ಅದರ ನಡುವೆ ಹೆಲ್ಮೆಟ್ಟಿನ ಗಾಜು ಒರೆಸಿಕೊಳ್ತಾ ನಮ್ಮ ಕೂಸು ಹೋಗೋದನ್ನ ನೆನೆಸಿಕೊಂಡರೆ ಅನ್ನ ಇಳಿಯಲ್ಲ. ಜೊತೆಗೆ ಹೊಸಪೇಟೆಯಿಂದಲೇ ಹೋಗೋ ಗೆಳತಿಯರು ಇಬ್ಬರಿದ್ದಾರೆ, ಪೆಟ್ರೋಲು ಮೂರು ಪಾಲು ಆಗುತ್ತೆ. ಸರಿ, ಎರಡು ಲಕ್ಷದೊಳಗೆ ಒಂದು ಹಳೇ ಕಾರು ಅಂತ ತೀರ್ಮಾನವಾಯ್ತು.

ತೀರ್ಮಾನ ಮಾಡೋದು ಸುಲಭ. ಯಾವ ಕಾರು? ಅಲ್ಲಿ ಶುರುವಾಯ್ತು ನೋಡಿ. ಒಬ್ಬರು ಆಲ್ಟೋ ಅಂತಾರೆ, ಇನ್ನೊಬ್ಬರು ಸ್ಯಾಂಟ್ರೋ ಅಂತಾರೆ, ಮೂಲೆ ಅಂಗಡಿಯವರು ಡೀಸೆಲ್ ಸ್ವಿಫ್ಟ್ ಬಿಟ್ಟು ಬೇರೆ ಮಾತೇ ಆಡಲ್ಲ. ಕಂಪನಿ ಹೆಸರು, ಮಾಡೆಲ್ಲು, ಮೈಲೇಜು. ನನಗೆ ಮಾತ್ರ ನಮ್ಮ ಅಜ್ಜನ ನೆನಪು.

ಅಜ್ಜ ಎತ್ತು ಕೊಳ್ಳೋಕೆ ಜಾತ್ರೆಗೆ ಹೋದರೆ ನನ್ನನ್ನೂ ಕರಕೊಂಡು ಹೋಗ್ತಿದ್ದರು. ಹಲ್ಲು ಎಣಿಸೋದು, ಸುಳಿ ನೋಡೋದು, ಬಾಲ ಹಿಡಿದು ಜಗ್ಗೋದು, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳೋದು ಎಲ್ಲ ಆಮೇಲೆ. ಮೊದಲನೇ ಪ್ರಶ್ನೆ ಯಾವಾಗಲೂ ಒಂದೇ: "ಇದು ಯಾವ ಊರ ನೀರು ಕುಡಿದದ್ದಪ್ಪಾ?" ಎರೆಭೂಮಿಯಲ್ಲಿ ಉಳುಮೆ ಮಾಡಿದ ಎತ್ತಿನ ಹೆಗಲೇ ಬೇರೆ, ಕೆಮ್ಮಣ್ಣಿನ ಕಲ್ಲುನೆಲದಲ್ಲಿ ಓಡಾಡಿದ ಎತ್ತಿನ ಗೊರಸೇ ಬೇರೆ, ಗದ್ದೆಯ ಕೆಸರಲ್ಲಿ ನಿಂತ ಎತ್ತಿನ ಕಾಲ್ಸಂದಿಯೇ ಬೇರೆ ಅಂತಿದ್ದರು. ವ್ಯಾಪಾರಕ್ಕೆ ಕೂತರೆ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಮಾತೇ ಇಲ್ಲದೆ ಸಾವಿರದ ಲೆಕ್ಕ. ಪಕ್ಕದಲ್ಲಿ ನಿಂತ ನನಗೆ ಟವೆಲ್ಲು ಅಲ್ಲಾಡೋದು ಮಾತ್ರ ಕಾಣ್ತಿತ್ತು. ಎಷ್ಟಕ್ಕೆ ಆಯ್ತು ಅಂತ ಮನೆಗೆ ಬಂದ ಮೇಲೂ ಹೇಳ್ತಿರಲಿಲ್ಲ ಪುಣ್ಯಾತ್ಮ...

ಏನು ಹೇಳ್ತಿದ್ದೆ? ಹಾಂ, ಊರ ನೀರು. ಹಳೇ ಕಾರಿಗೂ ಅದೇ ಮಾತು ಅಂತ ನನಗೆ ಗಟ್ಟಿಯಾಗಿ ಅನಿಸಿಬಿಟ್ಟಿದೆ. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಗೆ ಕಂಪನಿ ಕೊಟ್ಟ ಗುಣಕ್ಕಿಂತ ಊರು ಕೊಟ್ಟ ಗುಣವೇ ಹೆಚ್ಚು. ಕೆಎ-19 ಮಂಗಳೂರಿನದ್ದು, ಕೆಎ-20 ಉಡುಪಿಯದ್ದು, ಮೇಲೆ ಕನ್ನಡಿ ಹಾಗೆ ಹೊಳೀತಿರುತ್ತೆ. ಕೆಳಗೆ ಬಗ್ಗಿ ನೋಡಿ, ಉಪ್ಪುಗಾಳಿಗೆ, ಆ ಮಳೆಗೆ ತಗಡು ಹಪ್ಪಳವಾಗಿರುತ್ತೆ. ನಮ್ಮ ಕೆಎ-35, ಪಕ್ಕದ ಬಳ್ಳಾರಿಯ ಕೆಎ-34 ಗಾಡಿಗಳಿಗೆ ತುಕ್ಕಿನ ಕಾಟ ಕಡಿಮೆ. ಒಣ ಸೀಮೆ ನಮ್ಮದು. ಆದರೆ ಬಿಸಿಲು ಬಿಡಬೇಕಲ್ಲ! ಡ್ಯಾಶ್‌ಬೋರ್ಡು ಬಾಯಿ ಬಿಟ್ಟಿರುತ್ತೆ, ಗಾಜಿನ ಸುತ್ತಲ ರಬ್ಬರು ಒಣಗಿದ ಹುಣಸೆಕಾಯಿ ಸಿಪ್ಪೆ, ರೇಡಿಯೇಟರಿಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರೇ ಸುರಿದಿದ್ದರೆ ಒಳಗೆ ಸುಣ್ಣದ ಪದರ. ಟೈರು ಎಷ್ಟೇ ದಪ್ಪ ಕಾಣಲಿ, ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಟೈರಿನ ಮೇಲೆ ನಾಲ್ಕು ಅಂಕಿ ಒತ್ತಿರ್ತಾರೆ ನೋಡಿ, 2316 ಅಂತಿದ್ದರೆ 2016ರ 23ನೇ ವಾರದಲ್ಲಿ ಹುಟ್ಟಿದ್ದು ಅಂತ. ಎತ್ತಿನ ಹಲ್ಲು ಎಣಿಸಿದ ಹಾಗೇ, ಅಲ್ವಾ? ಹುಡುಗಿಗೆ ಇದನ್ನ ತೋರಿಸಿಕೊಟ್ಟಾಗಿನಿಂದ ಬೀದಿಯಲ್ಲಿ ನಿಂತ ಕಾರುಗಳ ಟೈರೆಲ್ಲ ಬಗ್ಗಿ ಬಗ್ಗಿ ಓದ್ತಾ ಹೋಗ್ತಾಳೆ.

ಮೊದಲು ನೋಡಿದ್ದು ನಮ್ಮ ಊರಲ್ಲೇ, ಒಂದು ಮಾರುತಿ 800. "ಡಾಕ್ಟರ್ ಗಾಡಿ ಸರ, ಸಿಂಗಲ್ ಓನರ್" ಅಂದ ದಲ್ಲಾಳಿ. ಈ ದಲ್ಲಾಳಿಗಳ ಬಾಯಲ್ಲಿ ಎಲ್ಲ ಗಾಡಿಯೂ ಡಾಕ್ಟರದ್ದೇ, ಇಲ್ಲವಾದರೆ ಬ್ಯಾಂಕ್ ಮ್ಯಾನೇಜರದ್ದು. ಆದರೆ ಆ ಪುಟ್ಟ ಕಾರು ನೋಡಿದ ಕೂಡಲೇ ನನಗೆ ಕರುಳು ಚುರ್ ಅಂತು. 1983ರ ಡಿಸೆಂಬರಿನಲ್ಲಿ ಮೊದಲ ಕೀಲಿ ಇಂದಿರಾ ಗಾಂಧಿ ಕೊಟ್ಟಿದ್ದು, 2014ರ ಜನವರಿಯಲ್ಲಿ ನಿಂತಿದ್ದು. ಮೂರು ಸಿಲಿಂಡರು, 796 ಸಿಸಿ. ಎಷ್ಟು ಮದುವೆಗಳಿಗೆ, ಎಷ್ಟು ಬಾಣಂತಿಯರನ್ನ ಆಸ್ಪತ್ರೆಯಿಂದ ಮನೆಗೆ ತರೋಕೆ ದುಡಿದ ಕಾರು ಅದು!

ಆ 2014 ಒಂದು ವಿಚಿತ್ರ ವರ್ಷ, ಗಮನಿಸಿದೀರಾ? ಜನವರಿಯಲ್ಲಿ 800 ನಿಂತಿತು, ಮೇ ತಿಂಗಳಲ್ಲಿ ಅಂಬಾಸಿಡರ್ ನಿಂತಿತು, ನವೆಂಬರಿನಲ್ಲಿ ನಮ್ಮ ಹಾಸ್ಪೆಟ್ ಹೋಗಿ ಹೊಸಪೇಟೆ ಆಯ್ತು. ಆ 800ರ ಆರ್‌ಸಿ ತೆಗೆದು ನೋಡಿದರೆ ವಿಳಾಸದಲ್ಲಿ ಹಾಸ್ಪೆಟ್, ಬೆಳ್ಳಾರಿ ಜಿಲ್ಲೆ ಅಂತ ಇದೆ. ಆ ಬೆಳ್ಳಾರಿ ಈಗ ಬಳ್ಳಾರಿ. ಇನ್ನು ಹೊಸಪೇಟೆ 2021ರಿಂದ ಆ ಜಿಲ್ಲೆಯಲ್ಲೂ ಇಲ್ಲ, ವಿಜಯನಗರ ಜಿಲ್ಲೆಯ ರಾಜಧಾನಿಯಾಗಿ ಕೂತಿದೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಗಾಡಿ ನಿಂತ ಜಾಗ ಬಿಟ್ಟು ಅಲುಗಿಲ್ಲ, ಊರ ಹೆಸರೂ ಜಿಲ್ಲೆಯ ಹೆಸರೂ ಬದಲಾಗಿ ಹೋಗಿದೆ. ಹುಡುಗಿ ಆ ಕಾರ್ಡು ಹಿಡಿದು ಎಷ್ಟು ಹೊತ್ತು ನಕ್ಕಳೋ!

ಆ 800 ಬೇಡ ಅನ್ನೋಕೆ ನನಗೆ ಸಂಕಟವಾಯ್ತು, ಆದರೂ ಬೇಡ ಅಂದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತಲ್ಲ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ಆ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯ್ತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಶುಲ್ಕಕ್ಕಿಂತ ಹೆಚ್ಚಾಗಿ ನನಗೆ ಕಾಡಿದ್ದು ಬೇರೆ. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. ಊರೊಳಗೆ ತರಕಾರಿ ತರೋಕೆ ಸರಿ. ಟಿಪ್ಪರುಗಳ ನಡುವೆ ಕಳಿಸೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಎಲ್ಲ ಕಾರಿಗೂ ಎಬಿಎಸ್ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಮೇಲಿನ ಮಾದರಿ ಹುಡುಕಬೇಕು. ಪಾಪ, ಕಾರು ಕೊಳ್ಳೋರು ಆಗ ಅದನ್ನ ಬಿಟ್ಟು ಮ್ಯೂಸಿಕ್ ಸಿಸ್ಟಮ್ಮಿಗೆ ದುಡ್ಡು ಹಾಕಿದರು.

ಆಮೇಲೆ ಹಂಪಿ ಕಡೆಗೆ ಹೋದೆವು. ಕಮಲಾಪುರದ ಹತ್ತಿರ ಒಂದು ಅಂಬಾಸಿಡರ್ ಇದೆ, ಪ್ರವಾಸಿಗರಿಗೆ ಓಡಿಸ್ತಿದ್ದದ್ದು ಅಂತ ಸುದ್ದಿ. ಕೊಳ್ಳೋಕಲ್ಲ, ಸುಮ್ಮನೆ ನೋಡೋಕೆ ಅಂತಲೇ ಹೋದೆವು, ಸುಳ್ಳು ಯಾಕೆ ಹೇಳಲಿ. ಹಳದಿ ಬೋರ್ಡನ್ನ ಬಿಳಿ ಬೋರ್ಡು ಮಾಡಿಸಿದ ಗಾಡಿ. ಇಂಥದ್ದರಲ್ಲಿ ಮೀಟರ್ ಏನು ತೋರಿಸಿದರೂ ನಂಬಬಾರದು, ಕ್ಲಚ್ಚಿನ ಪೆಡಲಿನ ರಬ್ಬರು ನೋಡಬೇಕು. ಗೆರೆಯೆಲ್ಲ ಸವೆದು ನುಣ್ಣಗೆ ಹೊಳೀತಿದೆ ಅಂದರೆ ಅದರ ಮೇಲೆ ಲಕ್ಷಾಂತರ ಸಲ ಪಾದ ಬಿದ್ದಿದೆ ಅಂತ ಅರ್ಥ. ಅದು ಮೂರು ವರ್ಷದಿಂದ ಬೇವಿನ ಮರದ ಕೆಳಗೇ ನಿಂತುಬಿಟ್ಟಿತ್ತು. ಹ್ಯಾಂಡ್‌ಬ್ರೇಕ್ ಬಿಟ್ಟರೂ ಚಕ್ರ ತಿರುಗದು. ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿದೆ. ಹುಡುಗಿ, "ಮಾಮಾ, ಇದು ವಿಠ್ಠಲ ಗುಡಿಯ ಕಲ್ಲಿನ ರಥದ ತಂಗಿ" ಅಂದಳು. ಆ ರಥದ ಗಾಲಿಗಳೂ ಒಂದು ಕಾಲಕ್ಕೆ ತಿರುಗ್ತಿದ್ದವು, ಸವೀತವೆ ಅಂತ ಸಿಮೆಂಟ್ ಹಾಕಿ ನಿಲ್ಲಿಸಿದರು ಅಂತ ಗೈಡುಗಳು ಹೇಳ್ತಾರಲ್ಲ. ವಾಪಸು ಬರ್ತಾ ತಳವಾರಘಟ್ಟದ ಬಾಗಿಲ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತೆವು. ಒಂದು ಸಲಕ್ಕೆ ಒಂದೇ ಗಾಡಿ ಹಿಡಿಯೋ ಬಾಗಿಲು. ಎದುರು ಬದುರಾದರೆ ಒಬ್ಬರು ಹಿಂದೆ ಸರೀಬೇಕು. ಅಲ್ಲಿ ದೊಡ್ಡ ಗಾಡಿಯವರ ಮುಖ ನೋಡಿದ ಮೇಲೆ ಹುಡುಗಿಗೆ ಸಣ್ಣ ಕಾರೇ ಸಾಕು ಅನ್ನಿಸಿತಂತೆ.

ಕಂಪ್ಲಿಯದ್ದು ಮಾತ್ರ ನಿಮಗೆ ಬಿಡಿಸಿ ಹೇಳಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಹೋಗಿ, ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹನ್ನೊಂದಕ್ಕೆ ತಲುಪಿದೆವು. ಬೆಳ್ಳಗಿನ ಸಣ್ಣ ಕಾರು, 2013ರದ್ದು. ಮೀಟರಿನಲ್ಲಿ 48,000 ಕಿಲೋಮೀಟರ್. ಬೆಲೆ ಕೇಳಿದರೆ ಪೇಟೆಗಿಂತ ಮೂವತ್ತು ನಲವತ್ತು ಸಾವಿರ ಕಡಿಮೆ. ಹೊಸ ಸೀಟ್ ಕವರು, ಹೊಸ ಮ್ಯಾಟು, ಒಳಗೆ ಗಮಗಮ ಮಲ್ಲಿಗೆ ವಾಸನೆ. ಅಕ್ಕ ಕಣ್ಣಲ್ಲೇ "ಮುಗಿಸಿಬಿಡಿ ಅಣ್ಣಾರ" ಅಂತಿದ್ದಾರೆ. ನನಗೆ ಆ ವಾಸನೆ ಯಾಕೋ ಹಿಡಿಸಲಿಲ್ಲ. ಹಳೇ ಕಾರಿಗೆ ಹಳೇ ಕಾರಿನ ವಾಸನೆ ಇರಬೇಕು, ಸ್ವಲ್ಪ ಬಿಸ್ಕತ್ತು, ಸ್ವಲ್ಪ ಧೂಳು. ಇದು ಏನನ್ನೋ ಮುಚ್ಚೋ ಹಾಗಿತ್ತು.

ಕಂಪ್ಲಿ ಅಂದ ಕೂಡಲೇ ನಿಮಗೆ ನೆನಪಾಗೋದು ಏನು? ಸೇತುವೆ, ಅಲ್ವಾ? ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗೆಲ್ಲ ಗಂಗಾವತಿ ಕಡೆಯ ಆ ಸೇತುವೆ ಮುಳುಗಿ ಎರಡೂ ದಡದ ಜನ ಮುಖ ಮುಖ ನೋಡಿಕೊಂಡು ನಿಲ್ತಾರೆ. ಹೊಳೆದಂಡೆಯ ಓಣಿಗಳಿಗೂ ನೀರು ನುಗ್ಗುತ್ತೆ. ನಾನು ಮೆಲ್ಲಗೆ ಹುಡುಗಿಗೆ ಹೇಳಿದೆ, "ಸೀಟ್ ಬೆಲ್ಟ್ ಕೊನೇ ತನಕ ಎಳಿ ತಾಯಿ." ಎಳೆದಳು. ನಾವೆಲ್ಲ ದಿನಾ ಎಳೆಯೋದು ಅರ್ಧ ಬೆಲ್ಟು, ಉಳಿದರ್ಧ ಒಳಗೆ ಸುತ್ತಿಕೊಂಡೇ ಇರುತ್ತೆ, ಅದನ್ನ ಯಾರೂ ತೊಳೆಯಲ್ಲ. ಆ ಉಳಿದರ್ಧದ ಮೇಲೆ ಒಂದು ಗೆರೆ. ನೀರು ಇಳಿದ ಮೇಲೆ ಗೋಡೆ ಮೇಲೆ ಉಳಿಯುತ್ತಲ್ಲ, ತೆಳ್ಳಗೆ, ಬೂದುಗೆಂಪು ಮೆಕ್ಕಲಿನ ಗೆರೆ, ಅದೇ! ಸೀಟಿನ ಅಡಿಯ ಬೋಲ್ಟುಗಳು ತುಕ್ಕು ಹಿಡಿದಿದ್ದವು. ನಮ್ಮ ಒಣ ಸೀಮೆಯಲ್ಲಿ ಕಾರಿನ ಒಳಗಿನ ಬೋಲ್ಟು ತುಕ್ಕು ಹಿಡಿಯೋಕೆ ಬೇರೆ ಕಾರಣ ಬೇಕಲ್ಲ? ಮಾರೋ ಹುಡುಗ ಒಳ್ಳೆಯವನೇ. ತಲೆ ತಗ್ಗಿಸಿ, "ಒಂದು ರಾತ್ರಿ ನೀರು ನಿಂತಿತ್ತು ಸರ, ಇಂಜಿನ್ ತೆಗೆಸಿ ಎಲ್ಲ ಮಾಡಿಸೀನಿ" ಅಂದ. ಇಂಜಿನ್ ಮಾಡಿಸಬಹುದು ರೀ, ಆ ವೈರುಗಳು? ಒಂದೊಂದು ಜೋಡಣೆಯೊಳಗೂ ಕೂತ ತೇವ ಇವತ್ತು ದೀಪ ಆರಿಸುತ್ತೆ, ನಾಳೆ ನಡುದಾರಿಯಲ್ಲಿ ಗಾಡಿ ನಿಲ್ಲಿಸುತ್ತೆ. ಏರ್‌ಬ್ಯಾಗಿನ ವೈರೂ ಅದೇ ನೀರು ಕುಡಿದಿರುತ್ತೆ. ಹುಡುಗನ ಕೈಕುಲುಕಿ ಬಂದೆವು. ಪಾಪ, ಅವನ ಮನೆಗೂ ನೀರು ನುಗ್ಗಿತ್ತು.

ಆ ದಾರಿಯ ಎರಡೂ ಕಡೆ ಕಬ್ಬು ನೋಡ್ತಾ ಬರುವಾಗ ಹುಡುಗಿ ಕೇಳಿದಳು, "ಮಾಮಾ, ಹಳೇ ಕಾರಿಗೆ ಈಗಿನ ಪೆಟ್ರೋಲು ಆಗಲ್ಲ ಅಂತಾರಲ್ಲ?" ಒಳ್ಳೇ ಪ್ರಶ್ನೆ. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥೆನಾಲು. ಅದು ಬರೋದು ಎಲ್ಲಿಂದ? ಕಬ್ಬಿನಿಂದಲೂ, ಮೆಕ್ಕೆಜೋಳ, ಅಕ್ಕಿಯಿಂದಲೂ. ನಮ್ಮ ಊರ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು, ಕಬ್ಬು ದೂರದ ಕಾರ್ಖಾನೆಗಳಿಗೆ ಹೋಗುತ್ತೆ. ಅಂತೂ ಸುತ್ತಿ ಬಳಸಿ ನಮ್ಮ ಕಬ್ಬಿನ ರಸವೇ ನಮ್ಮ ಟ್ಯಾಂಕಿಗೆ ಬೀಳ್ತಿದ್ದರೂ ಇರಬಹುದು ನೋಡಿ. 2023ರ ಏಪ್ರಿಲ್‌ನಿಂದ ಈಚಿನ ಕಾರುಗಳನ್ನ ಇದಕ್ಕೇ ಒಗ್ಗಿಸಿ ಮಾಡಿದಾರೆ. ಹಳೇದರಲ್ಲಿ ಮೈಲೇಜು ಸ್ವಲ್ಪ ತಗ್ಗುತ್ತೆ, ರಬ್ಬರಿನ ಪೈಪು, ವಾಷರು ಬೇಗ ಗಟ್ಟಿಯಾಗಬಹುದು. ಕಾರ್ಬ್ಯುರೇಟರ್ ಕಾಲದ ಗಾಡಿಯಾದರೆ ಚಿಂತೆ ಹೆಚ್ಚು. ಎಥೆನಾಲು ಗಾಳಿಯ ತೇವ ಎಳೆದುಕೊಳ್ಳುತ್ತೆ, ಹಾಗಾಗಿ ಪೆಟ್ರೋಲು ತುಂಬಿ ತಿಂಗಳುಗಟ್ಟಲೆ ನಿಲ್ಲಿಸಬಾರದು. ದಿನಾ ಓಡೋ ಗಾಡಿಗೆ ಆ ಭಯ ಇಲ್ಲ. ಪೈಪು ಹಳೇದಾಗಿದ್ದರೆ ಬದಲಾಯಿಸಿಬಿಡೋದು, ಅಷ್ಟೇ.

ನಮ್ಮ ಗ್ಯಾರೇಜಿನ ಮೇಸ್ತ್ರಿ ಹತ್ತಿರ ಕೂತು ಇದನ್ನೆಲ್ಲ ಮಾತಾಡ್ತಿದ್ದೆವು. ಅವರಿಗೆ ಎಪ್ಪತ್ತರ ಮೇಲಾಯ್ತು, ಕಣ್ಣು ಸ್ವಲ್ಪ ಮಂದ, ಕಿವಿ ಚುರುಕು. ಬಾನೆಟ್ ಎತ್ತಿ ಸುಮ್ಮನೆ ಕೇಳ್ತಾರೆ, ಮುಟ್ಟೋದೇ ಇಲ್ಲ. "ಬೆಲ್ಟಿನ ಗಾಡಿನೋ, ಚೈನಿನ ಗಾಡಿನೋ?" ಅಂತ ಅವರ ಮೊದಲ ಮಾತು. ಇಂಜಿನ್ನಿನ ಹೊಟ್ಟೆಯೊಳಗೆ ವಾಲ್ವುಗಳನ್ನ ತಾಳಕ್ಕೆ ಸರಿಯಾಗಿ ಕುಣಿಸೋ ಟೈಮಿಂಗ್ ಬೆಲ್ಟ್ ಇರುತ್ತಲ್ಲ, ಹಳೇ ಸ್ಯಾಂಟ್ರೋ, ಹಳೇ ಆಲ್ಟೋಗಳಲ್ಲಿ ಅದು ರಬ್ಬರಿನದ್ದು. ಬಿಸಿಲಿಗೆ, ವಯಸ್ಸಿಗೆ ಒಣಗುತ್ತೆ. ಓಡ್ತಾ ಓಡ್ತಾ ಅದು ಪಟ್ ಅಂದರೆ ಗಾಡಿ ಅಲ್ಲೇ ನಿಂತಿತು, ಕೆಲವು ಇಂಜಿನ್ನುಗಳಲ್ಲಿ ವಾಲ್ವೇ ಬಗ್ಗಿಹೋಗುತ್ತೆ. 2010ರ ಸುಮಾರಿಗೆ ಬಂದ ವ್ಯಾಗನ್ ಆರ್, ಆಲ್ಟೋ ಕೆ10ಗಳ ಕೆ ಸೀರೀಸ್ ಇಂಜಿನ್ನಿಗೆ ಕಬ್ಬಿಣದ ಚೈನು. ಆಯಿಲ್ ಸರಿಯಾಗಿ ಬದಲಾಯಿಸ್ತಾ ಬಂದರೆ ಅದು ಬಾಳಿಕೆ ಬರುತ್ತೆ. "ಚೈನೂ ತುಂಡಾಗ್ತದ ಯವ್ವಾ, ನೋಡಿಕೋತಾ ಇರಬೇಕು ಅಷ್ಟ" ಅಂತ ಮೇಸ್ತ್ರಿ ಹುಡುಗಿಗೆ ಹೇಳಿ, ಡ್ಯಾಮಿನ ಕಡೆ ಕೈ ತೋರಿಸಿದರು.

ಆ ರಾತ್ರಿ ಮರೆಯೋಕಾಗುತ್ತಾ ಹೇಳಿ? 2024ರ ಆಗಸ್ಟ್ 10. ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ತುಂಬಿದ ಡ್ಯಾಮು, 33 ಗೇಟಲ್ಲಿ ಒಂದು ಇಲ್ಲ. ಬೆಳಿಗ್ಗೆ ಊರಿಗೆ ಊರೇ ಅಲ್ಲಿ ನಿಂತಿತ್ತು, ಯಾರಿಗೂ ಮಾತಿಲ್ಲ. ಆ ವರ್ಷದ ಬೆಳೆ, ಕುಡಿಯೋ ನೀರು ಎಲ್ಲ ಕಣ್ಣೆದುರಿಗೇ ಹರಿದು ಹೋಗ್ತಿತ್ತು. ಆಗ ಬಂದವರು ಕನ್ನಯ್ಯ ನಾಯ್ಡು, ನಿವೃತ್ತ ಎಂಜಿನಿಯರು. ಹರಿಯೋ ನೀರಿಗೇ ಸ್ಟಾಪ್‌ಲಾಗ್ ಅನ್ನೋ ಅಡ್ಡತಡೆ ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿಬಿಟ್ಟರು! ನಮ್ಮ ಮೇಸ್ತ್ರಿ ಆ ಫೋಟೋ ಪೇಪರಿನಿಂದ ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ, ಲಕ್ಷ್ಮಿ ಫೋಟೋದ ಪಕ್ಕ. 1953ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು. ಅಷ್ಟು ವರ್ಷ ನೀರು ಹೊತ್ತಿದ್ದು ಅದೇ ಚೈನುಗಳು, ಅದೂ ನೆನಪಿಡಬೇಕು.

ಕೊನೆಗೆ ಸಂಡೂರು. ಹುಡುಗಿ ದಿನಾ ಹೋಗೋ ಊರು, ಅಲ್ಲೇ ಯಾಕೆ ನೋಡಬಾರದು ಅಂತ ಒಂದು ಭಾನುವಾರ ಹೊರಟೆವು. ಮಳೆ ಬಿದ್ದು ಗುಡ್ಡವೆಲ್ಲ ಹಸುರಾಗಿತ್ತು. ಆ ಹಸುರಿನ ನಡುವೆ ಕೆಂಪಗೆ ಕೊರೆದ ಗಣಿ. ನನಗೆ ಗಣಿ ಭರಾಟೆಯ ಆ ದಿನಗಳೇ ಕಣ್ಣ ಮುಂದೆ. ಬಿಳಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ ಕಾವಿ ಅಂಗಿಯಾಗಿ ಮನೆಗೆ ಬರ್ತಿದ್ದೆವಲ್ಲ, ಲಾರಿಗಳ ಸಾಲು ರಾತ್ರಿಯೆಲ್ಲ ಮುಗೀತಿರಲಿಲ್ಲ. ನಿನ್ನೆ ಸೈಕಲ್ಲು ತುಳಿಯೋನು ಇವತ್ತು ಸ್ಕಾರ್ಪಿಯೋ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು ನೋಡಿ, ಒಂದೇ ತಿಂಗಳಲ್ಲಿ ಮರದ ಕೆಳಗೆಲ್ಲ ಲಾರಿ. ಕಂತು ಕಟ್ಟಲಾಗದೆ ಫೈನಾನ್ಸಿನವರು ಎಳೆದುಕೊಂಡು ಹೋದ ಗಾಡಿಗಳೆಷ್ಟು! ಆಗ ಅಗ್ಗಕ್ಕೆ ಸಿಕ್ತು ಅಂತ ಕೊಂಡವರು ಆಮೇಲೆ ಆರ್‌ಸಿಯಲ್ಲಿ ಸಾಲದ ಗುರುತು ಹಾಗೇ ಉಳಿದು ವರ್ಷಗಟ್ಟಲೆ ಅಲೆದರು. ಸಾಲ ತೀರಿದ ಮೇಲೂ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಆ ಗುರುತು ತೆಗೆಸಬೇಕು. ಇದನ್ನ ನಾನು ಯಾರಿಗೇ ಆಗಲಿ ಎರಡೆರಡು ಸಲ ಹೇಳ್ತೀನಿ.

ಸಂಡೂರಿನಲ್ಲಿ ಮೊದಲು ತೋರಿಸಿದ್ದು ಡೀಸೆಲ್ ಸ್ವಿಫ್ಟು. ಮನೆಮಂದಿ ಮಾತ್ರ ಓಡಿಸಿದ್ದು ಅಂದರು. ಹುಡುಗಿ ಚೀಲದಿಂದ ಎರಡು ಸಾಮಾನು ತೆಗೆದಳು, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಒಂದು ಹೊಳಪಿಲ್ಲದ ಬಿಳಿ ಬಿಲ್ಲೆ. ಅಯಸ್ಕಾಂತ ಯಾಕೆ ಅಂತ ನನಗೆ ಗೊತ್ತಿತ್ತು. ಬಾಗಿಲ ಮೇಲೆ ಆಡಿಸ್ತಾ ಹೋದರೆ ತಗಡಿಗೆ ಕಚ್ಚುತ್ತೆ, ಪುಟ್ಟಿ ತುಂಬಿ ಬಣ್ಣ ಹೊಡೆದ ಕಡೆ ಜಾರಿ ಬೀಳುತ್ತೆ. ಟಿಂಕರಿಂಗ್ ಎಲ್ಲಿ ಆಗಿದೆ ಅಂತ ಅದೇ ಹೇಳುತ್ತೆ. ಆದರೆ ಆ ಬಿಲ್ಲೆ? ಅವಳು ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರ ಗುಂಡಿಯ ಮೂಲೆಯಿಂದ ಚಿಟಿಕೆ ಕೆಂಧೂಳು ತೆಗೆದು ಬಿಲ್ಲೆ ಮೇಲೆ ತಿಕ್ಕಿದಳು. ಒಣಗಿದ ರಕ್ತದ ಬಣ್ಣದ ಗೆರೆ ಮೂಡಿತು. "ಹೆಮಟೈಟ್ ಮಾಮಾ" ಅಂದಳು. "ಬರೀ ಮಣ್ಣಾದರೆ ಗೆರೆ ಇಷ್ಟು ಕೆಂಪಾಗಲ್ಲ. ಅಂಗೈಯಲ್ಲಿ ತೂಗಿ ನೋಡಿ, ಮಾಮೂಲು ಮಣ್ಣಿಗಿಂತ ಎರಡು ಪಟ್ಟು ಭಾರ." ಅಯಸ್ಕಾಂತ ಹಿಡಿದರೆ ಆ ಧೂಳು ಅಷ್ಟಾಗಿ ಅಂಟಲ್ಲವಂತೆ, ಕಬ್ಬಿಣದ ಅದಿರಾದರೂ. ನನಗೆ ಈ ವಯಸ್ಸಿನ ತನಕ ಅದು ಗೊತ್ತೇ ಇರಲಿಲ್ಲ, ನೋಡಿ!

ಸಂಡೂರಿನ ಎಲ್ಲ ಗಾಡಿಯ ಮೇಲೂ ಆ ಧೂಳು ಇರಲ್ವಾ ಅಂತ ನಾನೇ ಕೇಳಿದೆ. ಅದಕ್ಕೆ ಅವಳು ಹೇಳಿದ್ದು: ಮೇಲೆ ಇದ್ದರೆ ಅದು ಊರ ಧೂಳು, ಒಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಗಣಿಯ ಧೂಳು. ಬಾಗಿಲ ಕೀಲು, ಏರ್ ಫಿಲ್ಟರಿನ ಡಬ್ಬಿ, ಚಾರ್ಜ್ ಮಾಡೋ ಆಲ್ಟರ್ನೇಟರಿನ ಕಿಂಡಿ, ಎಲ್ಲ ಕಡೆ ಕಾವಿ ಬಳಿದ ಹಾಗೆ ಕೂತಿತ್ತು. ಅದು ದಿನಾ ಗಣಿ ಹತ್ತಿ ಇಳಿದ ಗಾಡಿಯೇ. ಅಜ್ಜ ಇದ್ದಿದ್ದರೆ ಆ ಹುಡುಗಿ ಬೆನ್ನು ತಟ್ಟಿ ಎತ್ತಿನ ಜಾತ್ರೆಗೆ ಕರಕೊಂಡು ಹೋಗ್ತಿದ್ದರು.

ಬೇಜಾರಾಗಿ ಚಹಾ ಕುಡಿಯೋಕೆ ಕೂತಿದ್ದೆವು. ಚಹಾದಂಗಡಿಯವರೇ ಹೇಳಿದ್ದು, ಹಿಂದಿನ ಓಣಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ಕಾರು ಕೊಡ್ತೀನಿ ಅಂತಿದ್ದರು ಅಂತ. ಹೋದೆವು. 2012ರ ವ್ಯಾಗನ್ ಆರ್, ಏರ್‌ಬ್ಯಾಗ್ ಇರೋ ಮೇಲಿನ ಮಾದರಿ. ಬೂದಿಬಣ್ಣ ಬಿಸಿಲಿಗೆ ಮಾಸಿದೆ, ಎಡಬಾಗಿಲಿನ ಮೇಲೆ ಎಮ್ಮೆ ಕೊಂಬಿನ ಗೀರು. ಗೀರಿಗೆ ಬಣ್ಣ ಬಳಿಸಿರಲಿಲ್ಲ. ಯಾಕೆ ಸರ ಅಂದರೆ, "ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ" ಅಂದರು. ನನಗೆ ಅಲ್ಲೇ ಅರ್ಧ ವ್ಯಾಪಾರ ಮುಗಿದ ಹಾಗಾಯ್ತು. ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾವು ಬರೋ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿರಲಿಲ್ಲ. ತಣ್ಣಗಿನ ಇಂಜಿನ್ ಒಂದೇ ಕೀಲಿಗೆ ಎದ್ದಿತು, ನೀಲಿ ಹೊಗೆ ಇಲ್ಲ, ಆಯಿಲ್ ಮುಚ್ಚಳದ ಕೆಳಗೆ ಹಾಲುಕಾಫಿ ನೊರೆ ಇಲ್ಲ. ಬೆಲ್ಟು ಕೊನೆ ತನಕ ಎಳೆದಳು, ಚೊಕ್ಕ. ಸ್ಟೆಪ್ನಿ ಒಂದು ಸಲವೂ ನೆಲ ಮುಟ್ಟಿಲ್ಲ, ಕಂಪನಿಯದ್ದೇ, 2012ರದ್ದೇ, ಆದರೆ ಒಣಗಿ ಸೀಳು ಬಿಟ್ಟಿದೆ. ಮೇಷ್ಟ್ರು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟರು. ಪ್ರತಿ ಸಲದ ಪೆಟ್ರೋಲು, ಪ್ರತಿ ಆಯಿಲ್ ಬದಲಾವಣೆ, ತಾರೀಖು, ಕಿಲೋಮೀಟರು, ಅಷ್ಟು ಅಂದವಾದ ಅಕ್ಷರದಲ್ಲಿ! ಒಂದು ಕಡೆ "ಕುಮಾರಸ್ವಾಮಿ ಬೆಟ್ಟ, ಮೊಮ್ಮಗಳ ಜವಳ" ಅಂತಲೂ ಬರೆದಿದ್ದಾರೆ. ಹುಡುಗಿ ಆ ಪುಸ್ತಕ ಕೇಳಿ ಇಸಕೊಂಡಳು. ಮುಂದಿನ ಪುಟದಿಂದ ತಾನು ಬರೀತಾಳಂತೆ.

ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ ನೋಡಿದಳು, ಎರಡು ಗಂಟೆ ಬಿಸಿಲಲ್ಲಿ ಎಸಿ ಹಾಕಿ ನೋಡಿದಳು. ಎಸಿ ಸ್ವಲ್ಪ ಸಪ್ಪೆ. ಮುಂದಿನ ಎಡಚಕ್ರ ಗುಂಡಿಗೆ ಬಿದ್ದರೆ ಟಕ್ ಅನ್ನುತ್ತೆ. ನಾಲ್ಕು ಟೈರು, ಬ್ಯಾಟರಿ, ಆ ಟಕ್ ಸದ್ದು, ಎಲ್ಲಕ್ಕೂ ಅಂತ ಇಪ್ಪತ್ತೈದು ಸಾವಿರ ಬೇರೆ ಎತ್ತಿಡಿ ಅಂತ ಅಕ್ಕನಿಗೆ ಮೊದಲೇ ಹೇಳಿದ್ದೆ. ಇದ್ದ ದುಡ್ಡೆಲ್ಲ ಗಾಡಿಗೇ ಸುರಿದು ಬೋಳು ಟೈರಿನಲ್ಲಿ ಮಕ್ಕಳನ್ನ ಕಳಿಸೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಕಾಗದದ ಕೆಲಸ ನಿಮಗೆ ಗೊತ್ತಿದ್ದದ್ದೇ. ಫಾರಂ 29, 30. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇನ್ಶೂರೆನ್ಸೂ 14 ದಿನದೊಳಗೆ ಹೆಸರು ಬದಲಾಗಬೇಕು. ಮೇಷ್ಟ್ರ ನೋ ಕ್ಲೇಮ್ ಬೋನಸ್ಸು ಅವರಿಗೇ, ಗಾಡಿ ಜೊತೆ ಬರಲ್ಲ. ಇದು 998 ಸಿಸಿ, ಸಾವಿರದೊಳಗೆ ಇರೋದರಿಂದ ಥರ್ಡ್ ಪಾರ್ಟಿ ಕಂತು 2022ರಲ್ಲಿ ಗೊತ್ತುಮಾಡಿದ ದರದಲ್ಲಿ 2,094 ರೂಪಾಯಿ. ಸಾವಿರ ದಾಟಿದ್ದರೆ 3,416. ರಾಯದುರ್ಗ, ಗುಂತಕಲ್ಲು ಕಡೆಯ ಆಂಧ್ರದ ಗಾಡಿ ಅಗ್ಗ ಅಂತ ಅಕ್ಕನ ತಮ್ಮ ಹೇಳ್ತಿದ್ದ. ಅಗ್ಗದ ಆಸೆಗೆ ಮುಗ್ಗಿದ ಜೋಳ ಬೇಡ ಅಂದೆ. ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರು ಎಲ್ಲ ಸೇರಿದರೆ ಉಳಿದದ್ದು ಏನೂ ಇರಲ್ಲ.

ರೇಟಿನ ಮಾತು ಬಂದಾಗ ಮೇಷ್ಟ್ರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ನನ್ನ ಕೈ ತಾನಾಗಿ ಮುಂದೆ ಹೋಯ್ತು ರೀ. ಅವರೂ ನಕ್ಕು ಟವೆಲ್ಲು ಮೇಲೆ ಹಾಕಿದರು. ಅವರ ತಂದೆಯೂ ಎತ್ತಿನ ವ್ಯಾಪಾರ ಅಜ್ಜನ ಹಾಗೇ ಮಾಡ್ತಿದ್ದರಂತೆ. ನಾಲ್ಕು ಸಲ ಬೆರಳು ಹಿಡಿದೆವು, ಒಂದು ಸಲ ಬಿಟ್ಟೆವು. ಹುಡುಗಿ ಪಕ್ಕದಲ್ಲಿ ನಿಂತು ಟವೆಲ್ಲನ್ನೇ ನೋಡ್ತಿದ್ದಳು. ಎಷ್ಟಕ್ಕೆ ಅಂತೀರಾ? ಅಕ್ಕನಿಗೆ ಹೇಳಿದೀನಿ, ನಿಮಗೆ ಬೇಡ ಬಿಡಿ.

ನಿನ್ನೆ ಹೊಸ ಟೈರು ಹಾಕಿಸಿಕೊಂಡು ಸಂಡೂರಿನಿಂದ ಅವಳೇ ಓಡಿಸಿಕೊಂಡು ಬಂದಳು, ನಾನು ಪಕ್ಕದಲ್ಲಿ. ಇಳಿಜಾರಿನಲ್ಲಿ ಗೇರು ಇಳಿಸಿ, ಬ್ರೇಕು ಕಡಿಮೆ ಒತ್ತಿ, ಟಿಪ್ಪರಿನ ಹಿಂದೆ ಅಂತರ ಬಿಟ್ಟು... ಚೆನ್ನಾಗಿ ಓಡಿಸ್ತಾಳೆ ರೀ. ಮನೆ ಮುಟ್ಟೋ ಹೊತ್ತಿಗೆ ಗಾಡಿ ಮೇಲೆಲ್ಲ ಕೆಂಧೂಳು, ಬೆರಳಲ್ಲಿ ಬರೆದರೆ ಅಕ್ಷರ ಮೂಡೋ ಅಷ್ಟು. ಈಗ ನೋಡಿ, ಕೊಡಪಾನ ಹಿಡಿದು ತೊಳೀತಿದ್ದಾಳೆ.

ಹಾಂ, ಅಕ್ಕ ಕರೆದರು. ಏನಮ್ಮಾ? ಗಾಲಿಗೆ ಇಡೋಕೆ ನಿಂಬೆಹಣ್ಣಾ? ಕಿತ್ತುಕೊಳ್ಳಿ, ಗಿಡದ ತುಂಬ ಇದಾವೆ. ನಾಲ್ಕು ಸಾಕಾ... ಅಲ್ಲ, ಆ ಸ್ಟೆಪ್ನಿಗೂ ಒಂದು ಇರಲಿ, ಐದು ಕೀಳಿ.